ನಾಲ್ಕು ಡಾಲರಿನ ಫೈಲಿನಲ್ಲಿ ಕೈಗೆ ಬರುವುದೆಷ್ಟು?

ಎಟ್ಸಿ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಲಗ್ನಪತ್ರಿಕೆ, ನಾಮಕರಣದ ಆಮಂತ್ರಣ, ಪ್ಲಾನರ್ ಟೆಂಪ್ಲೇಟುಗಳನ್ನು ಡಿಜಿಟಲ್ ಫೈಲಾಗಿ ಮಾರುವವರು ಬೆಲೆ ಇಡುವಾಗ ಪಕ್ಕದ ಅಂಗಡಿ ನೋಡುತ್ತಾರೆಯೇ ಹೊರತು ಶುಲ್ಕದ ಪುಟ ನೋಡುವುದಿಲ್ಲ. ಅವರು ಒಂದು ಡಾಲರ್ ಇಟ್ಟರೆ ಇವರು ತೊಂಬತ್ತು ಸೆಂಟ್.

ಲಿಸ್ಟಿಂಗ್, ಅಂದರೆ ಒಂದು ವಸ್ತುವನ್ನು ಮಾರಾಟಕ್ಕೆ ಪಟ್ಟಿ ಮಾಡುವ ಶುಲ್ಕ 20 ಸೆಂಟ್. ನಾಲ್ಕು ತಿಂಗಳಿಗೊಮ್ಮೆ ನವೀಕರಣ, ಜೊತೆಗೆ ಪ್ರತಿ ಮಾರಾಟಕ್ಕೂ ಮತ್ತೊಮ್ಮೆ 20 ಸೆಂಟ್. ವಹಿವಾಟು ಶುಲ್ಕ ಮೊದಲು ಶೇ 3.5 ಇತ್ತು. 2018ರ ಜುಲೈನಲ್ಲಿ ಶೇ 5, 2022ರ ಏಪ್ರಿಲ್ 11ರಿಂದ ಶೇ 6.5. ಅಂದರೆ ಒಂದು ಡಾಲರಿನ ಫೈಲಿನಲ್ಲಿ ಇವೆರಡಕ್ಕೇ 26.5 ಸೆಂಟ್ ಹೋಯಿತು, ಕಾಲು ಭಾಗಕ್ಕಿಂತ ಹೆಚ್ಚು. ನಾಲ್ಕು ಡಾಲರಿನದಕ್ಕೆ ಹೋಗುವುದು 46 ಸೆಂಟ್, ಶೇ 11.5 ಮಾತ್ರ. ಗಿರಾಕಿ ಎಟ್ಸಿಯ ಆಫ್‌ಸೈಟ್ ಜಾಹೀರಾತು (ಎಟ್ಸಿ ಬೇರೆ ಸೈಟುಗಳಲ್ಲಿ ಹಾಕುವಂಥದ್ದು) ಒತ್ತಿ ಬಂದಿದ್ದರೆ ಇನ್ನೂ ಶೇ 15, ಅಂದರೆ 60 ಸೆಂಟ್. ಪಾವತಿ ಶುಲ್ಕ ಇದರ ಹೊರಗೆ. ಅದು ದೇಶದಿಂದ ದೇಶಕ್ಕೆ ಬೇರೆ. ವರ್ಷದ ಮಾರಾಟ 10,000 ಡಾಲರ್ ದಾಟದ ಅಂಗಡಿ ಈ ಜಾಹೀರಾತಿನಿಂದ ಹೊರಗುಳಿಯಬಹುದು. ದಾಟಿದರೆ ದರ ಶೇ 12ಕ್ಕೆ ಇಳಿಯುತ್ತದೆ, ಆದರೆ ಬೇಡ ಅನ್ನುವ ಹಕ್ಕು ಹೋಗುತ್ತದೆ.

ಮಾರಾಟವೇ ಆಗದ ನೂರು ಲಿಸ್ಟಿಂಗ್‌ಗಳನ್ನು ಸ್ವಯಂ ನವೀಕರಣದಲ್ಲಿ ಬಿಟ್ಟವರು ವರ್ಷಕ್ಕೆ 60 ಡಾಲರ್ ಸುಮ್ಮನೆ ಕಟ್ಟುತ್ತಿರುತ್ತಾರೆ. ನಾಲ್ಕು ತಿಂಗಳ ಎರಡು ಅವಧಿಯಲ್ಲಿ ಒಂದೂ ಹೋಗದ್ದನ್ನು ತೆಗೆದುಬಿಡಿ.

ಶುಲ್ಕ ಏರಿದರೆ ಬೆಲೆ ಏರಿಸಬಹುದು. ಕಷ್ಟ ಇರುವುದು ವಸ್ತುವಿನ ಮೇಲಿನ ನಿಯಮದಲ್ಲಿ. 2024ರ ಜುಲೈನಿಂದ ಪ್ರತಿ ವಸ್ತುವೂ ಹೇಗೆ ಹುಟ್ಟಿತು ಎಂದು ಹೇಳಬೇಕು. ಡಿಜಿಟಲ್ ಫೈಲು ಸಾಮಾನ್ಯವಾಗಿ ‘ಮಾರಾಟಗಾರರ ವಿನ್ಯಾಸ’ದ ಗುಂಪಿಗೆ ಬರುತ್ತದೆ. ಎಐ ಬಳಸಿ ಮಾಡಿದ್ದರೆ ವಿವರಣೆಯಲ್ಲಿ ಬರೆಯಲೇಬೇಕು. ಎಐಗೆ ಬರೆದು ಕೊಡುವ ಸೂಚನೆಗಳನ್ನೇ (ಪ್ರಾಂಪ್ಟು) ಕಟ್ಟು ಕಟ್ಟಿ ಮಾರುವುದು ನಿಷಿದ್ಧ. ಹೊಸ ಲಿಸ್ಟಿಂಗ್ ಸರಿಯಾಗಿ ಹಾಕಿ ಹಳೆಯ ಇನ್ನೂರನ್ನು ಮರೆಯುವುದೇ ಹೆಚ್ಚು. ಹಾಗಾಗಿ ಪ್ರತಿ ಫೈಲಿಗೂ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಇರಲಿ: ಫಾಂಟ್ ಯಾವುದು, ಅದರ ಪರವಾನಗಿ ಯಾವುದು, ಚಿತ್ರ ಎಲ್ಲಿಂದ ಬಂತು, ಎಐ ಇದೆಯೋ ಇಲ್ಲವೋ. ನಿಯಮ ಬದಲಾದ ದಿನ ಸಾಲು ಸೋಸಿದರೆ ಸಾಕು.

ಕನ್ನಡದ ಆಮಂತ್ರಣ ಮಾರುವವರಿಗೆ ಫಾಂಟಿನದೇ ದೊಡ್ಡ ತಲೆನೋವು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡ ಕೂರಿಸಿದ್ದು) ಟೈಪಿಸಿದ ಟೆಂಪ್ಲೇಟು ಅಮೆರಿಕದ ಗಿರಾಕಿಯ ಲ್ಯಾಪ್‌ಟಾಪಿನಲ್ಲಿ ತೆರೆದಾಗ ‘ಶ್ರೀ’ ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಮರುಪಾವತಿ ಕೇಳದೆ ಇರುತ್ತಾರೆಯೇ? ಯೂನಿಕೋಡ್ ಫಾಂಟ್ ಬಳಸಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಓಪನ್ ಫಾಂಟ್ ಲೈಸೆನ್ಸಿನವು. ಅವುಗಳಲ್ಲಿ ಮಾಡಿದ ವಿನ್ಯಾಸ ಮಾರಬಹುದು, ಫಾಂಟ್ ಫೈಲನ್ನಷ್ಟೇ ಮಾರುವಂತಿಲ್ಲ. ಗಿರಾಕಿ ತಿದ್ದದ ಸಾಲುಗಳನ್ನು, ಮೇಲಿನ ಶ್ಲೋಕ ಇತ್ಯಾದಿ, ಔಟ್‌ಲೈನ್ ಮಾಡಿಬಿಡಿ, ಅಂದರೆ ಅಕ್ಷರವನ್ನು ಚಿತ್ರದ ಗೆರೆಗಳಾಗಿ ಬದಲಿಸಿ. ಒತ್ತಕ್ಷರ ಕಳಚಿ ಬೀಳುವುದಿಲ್ಲ. ಹೆಸರು, ಮುಹೂರ್ತ ಮಾತ್ರ ತಿದ್ದುವಂತಿರಲಿ.

ಒಂದು ಲಿಸ್ಟಿಂಗ್‌ಗೆ ಐದು ಫೈಲು, ಒಂದೊಂದು 20 ಎಂಬಿ ಒಳಗೆ. ಅದಕ್ಕೇ ಬಹುಪಾಲು ಜನ ಪಿಡಿಎಫ್‌ನಲ್ಲಿ ಡ್ರೈವ್ ಅಥವಾ ಕ್ಯಾನ್ವಾ ಕೊಂಡಿ ಇಟ್ಟು ಕಳಿಸುತ್ತಾರೆ. ಖಾತೆ ಬದಲಾಯಿಸಿದ ದಿನ ಹಳೆಯ ಗಿರಾಕಿಗಳ ಕೊಂಡಿಯೆಲ್ಲ ಸತ್ತುಹೋಗುತ್ತದೆ. ನೇರ ಕೊಂಡಿಯ ಬದಲು ನಿಮ್ಮ ಡೊಮೇನಿನ ಒಂದು ಮರುನಿರ್ದೇಶನ ವಿಳಾಸ ಇಡಿ, ಹಿಂದಿನ ಗುರಿ ಬದಲಾದರೂ ಪಿಡಿಎಫ್ ಹಾಗೇ ನಡೆಯುತ್ತದೆ. ಆದರೆ ಅದೇ ಪುಟದಲ್ಲಿ ‘ನಮ್ಮ ಸೈಟಿನಲ್ಲಿ ಕೊಂಡರೆ ಇನ್ನೂ ಅಗ್ಗ’ ಎಂದು ಬರೆಯಬೇಡಿ. ಎಟ್ಸಿ ಅದನ್ನು ಶುಲ್ಕ ತಪ್ಪಿಸುವುದು ಎಂದೇ ಎಣಿಸುತ್ತದೆ, ಅಂಗಡಿಗೆ ಬೀಗ ಬೀಳಬಹುದು.