ಬಸುರಿಗೆ ಈ ಗುಳಿಗೆ ನಡೆಯುತ್ತದಾ?

ರಾಯಚೂರು ಕಡೆ ಮೆಡಿಕಲ್ ಶಾಪ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: "ಬಸುರಿ ಅದಾಳ್ರೀ, ಈ ಗುಳಿಗಿ ನಡಿತದೇನ್ರಿ?" ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಬಿಸಿಲು 40 ಡಿಗ್ರಿ ದಾಟಿರುತ್ತದೆ. ಹೊಲದಲ್ಲಿ ಮರೆ ಇಲ್ಲ ಅಂತ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಉರಿಮೂತ್ರ ಶುರುವಾಗುತ್ತದೆ. ಡಾಕ್ಟರು ಆಂಟಿಬಯೋಟಿಕ್ ಬರೆದರೆ ಮನೆಯ ಹಿರಿಯರದು ಒಂದೇ ಮಾತು: "ಗುಳಿಗಿ ಉಷ್ಣ, ಕೂಸಿಗೆ ಆಗಂಗಿಲ್ಲ."

ಈ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಆದರೆ ಎಲ್ಲ ಆಂಟಿಬಯೋಟಿಕ್‌ಗಳೂ ಸೇರಿ ಹುಟ್ಟಿಸಿದ್ದೂ ಅಲ್ಲ.

ಶುರುವಿನಲ್ಲಿ ಈ ಔಷಧಿಗಳು ತಾಯಂದಿರನ್ನು ಉಳಿಸಲೆಂದೇ ಬಂದವು. 1936ರಲ್ಲಿ ಲಂಡನ್ನಿನ ಡಾಕ್ಟರ್ ಲಿಯೊನಾರ್ಡ್ ಕೋಲ್‌ಬ್ರೂಕ್ ಹೆರಿಗೆ ನಂಜಿನ 38 ಬಾಣಂತಿಯರಿಗೆ ಪ್ರಾಂಟೊಸಿಲ್ ಕೊಟ್ಟರು. ತೀರಿಕೊಂಡವರು ಮೂವರು. ಆ ಕಾಲಕ್ಕೆ ಅದು ಪವಾಡ. ಪ್ರಾಂಟೊಸಿಲ್ ಸಲ್ಫಾ ಔಷಧಿ, ಆಂಟಿಬಯೋಟಿಕ್‌ನ ಅಣ್ಣ ಅನ್ನಬಹುದು. 1940ರ ದಶಕದಲ್ಲಿ ಪೆನಿಸಿಲಿನ್ ಬಂತು. ಬಸುರಿಯ ಸಿಫಿಲಿಸ್ ಎಂಬ ಲೈಂಗಿಕ ರೋಗ ಮಗುವಿಗೆ ಅಂಟದಂತೆ ತಡೆಯಲು ಇವತ್ತಿಗೂ ಅದೇ ಬೇಕು.

ಎಡವಟ್ಟಾಗಿದ್ದು ಆಮೇಲೆ. 1948ರಲ್ಲಿ ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧಿ ಹೊರಬಂತು. ಅದನ್ನು ಕಂಡುಹಿಡಿದದ್ದು ಅಮೆರಿಕದ ಲೆಡರ್ಲೆ ಲ್ಯಾಬ್. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಈ ಔಷಧಿಗೆ ಕ್ಯಾಲ್ಸಿಯಂ ಸಿಕ್ಕರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಲುಹಲ್ಲು ಗಟ್ಟಿಯಾಗಲು ಶುರುವಾಗುವುದು ಹೊಟ್ಟೆಯಲ್ಲೇ, ಸುಮಾರು ನಾಲ್ಕನೇ ತಿಂಗಳಿನಿಂದ. ಆಗ ತಾಯಿ ಈ ಗುಳಿಗೆ ನುಂಗಿದ್ದರೆ ಮಗುವಿನ ಹಲ್ಲು ಹಳದಿ, ಕಂದು ಬಣ್ಣಕ್ಕೆ ತಿರುಗಿ ಹುಟ್ಟುತ್ತಿದ್ದವು. ಟಿಬಿಗೆ ಕೊಡುವ ಸ್ಟ್ರೆಪ್ಟೊಮೈಸಿನ್ ಕೆಲವು ಮಕ್ಕಳ ಕಿವಿ ಕೆಡಿಸಿತು. ಹಸುಗೂಸುಗಳಿಗೆ ಕೊಟ್ಟ ಕ್ಲೋರಾಂಫೆನಿಕಾಲ್ ಇನ್ನೂ ಭೀಕರ. ಎಳೆಯ ಲಿವರ್‌ಗೆ ಅದನ್ನು ಅರಗಿಸಲು ಆಗಲಿಲ್ಲ. ಕೂಸುಗಳು ಬೂದಿಬಣ್ಣಕ್ಕೆ ತಿರುಗಿ ಸತ್ತವು.

ಇಷ್ಟರಲ್ಲಿ ಥಾಲಿಡೊಮೈಡ್ ಬಂತು. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ ಮೇಲೆ 1961ರಲ್ಲಿ ಅಂಗಡಿಯಿಂದ ಹೊರಬಿತ್ತು. ಅದು ಆಂಟಿಬಯೋಟಿಕ್ ಅಲ್ಲವೇ ಅಲ್ಲ, ನಿದ್ದೆ ಮತ್ತು ವಾಕರಿಕೆಯ ಮಾತ್ರೆ. ಆದರೂ ಬಸುರಿಗೆ ಯಾವ ಔಷಧಿಯೂ ಬೇಡ ಎಂಬ ಭಯ ಜಗತ್ತಿಗೆಲ್ಲ ಹಬ್ಬಿತು. 1977ರಲ್ಲಿ ಅಮೆರಿಕ, ಮಕ್ಕಳಾಗುವ ವಯಸ್ಸಿನ ಹೆಂಗಸರನ್ನೇ ಔಷಧಿಯ ಮೊದಲ ಹಂತದ ಪ್ರಯೋಗಗಳಿಂದ ದೂರ ಇಟ್ಟಿತು. ನನ್ನ ಪ್ರಕಾರ ಇದು ತಿರುಗುಬಾಣ. ಪ್ರಯೋಗವೇ ಇಲ್ಲದಿದ್ದರೆ ಯಾವುದು ಸೇಫ್ ಅಂತ ಹೇಳುವವರಾದರೂ ಯಾರು? 1979ರಲ್ಲಿ ಅಲ್ಲಿ, ಬಸುರಿಗೆ ಯಾವ ಔಷಧಿ ಎಷ್ಟು ಅಪಾಯ ಅಂತ ತೋರಿಸಲು ಎ, ಬಿ, ಸಿ, ಡಿ, ಎಕ್ಸ್ ಎಂಬ ದರ್ಜೆಗಳು ಬಂದವು. ಅಕ್ಷರ ನೋಡಿದರೆ ಎಷ್ಟನೇ ತಿಂಗಳಲ್ಲಿ ಅಪಾಯ ಅನ್ನುವುದು ತಿಳಿಯುತ್ತಿರಲಿಲ್ಲ. 2015ರಿಂದ ಅವನ್ನು ಕೈಬಿಡುತ್ತಾ ಬಂದರು.

ಗುಳಿಗೆ ಬಿಟ್ಟರೂ ಅಪಾಯ ಇದೆ. ಬೋಸ್ಟನ್ನಿನ ವೈದ್ಯ ಸಂಶೋಧಕ ಎಡ್ವರ್ಡ್ ಕಾಸ್ 1950ರ ದಶಕದ ಕೊನೆಯ ಹೊತ್ತಿಗೆ ಇದನ್ನು ತೋರಿಸಿದ್ದರು. ಬಸುರಿಯ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದು, ಉರಿಯೇ ಇಲ್ಲದಿದ್ದರೂ, ಹಾಗೇ ಬಿಟ್ಟರೆ ಸೋಂಕು ಕಿಡ್ನಿಗೆ ಏರಬಹುದು. ಕಿಡ್ನಿಗೆ ಏರಿದರೆ ಚಳಿಜ್ವರ, ದಿನ ತುಂಬುವ ಮೊದಲೇ ಹೆರಿಗೆ. ತಪಾಸಣೆಗೆ ಹೋದಾಗ ಮೂತ್ರ ಪರೀಕ್ಷೆ ಮಾಡಿಸುವುದು ಇದಕ್ಕೇ.

ಬಳ್ಳಾರಿಯ ಮಾತೂ ಇಲ್ಲಿ ಹೇಳಲೇಬೇಕು. 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡ ಮೇಲೆ ಆಸ್ಪತ್ರೆಯ ಔಷಧಿ ಅಂದರೇ ಎದೆ ನಡುಗುವುದು ಸಹಜ. ಆದರೆ ಅಲ್ಲಿ ಅನುಮಾನ ಬಂದದ್ದು ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ, ಆಂಟಿಬಯೋಟಿಕ್ ಮೇಲಲ್ಲ.

ಈಗ ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಲೆಕ್ಸಿನ್‌ನಂಥವನ್ನು ದಶಕಗಳ ಅನುಭವದ ಮೇಲೆ ಧೈರ್ಯವಾಗಿ ಕೊಡುತ್ತಾರೆ, ಅಲರ್ಜಿ ಇರಬಾರದು ಅಷ್ಟೇ. ಉರಿಮೂತ್ರಕ್ಕೆ ಕೊಡುವ ನೈಟ್ರೊಫ್ಯುರಾಂಟೊಯಿನ್ ಹೆರಿಗೆ ಹತ್ತಿರ ಬಂದಾಗ ಬೇಡ. ನಮ್ಮ ಬೆಳಗಾವಿಯೂ ಸೇರಿ 7 ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹೆರಿಗೆ ನೋವು ಬಂದಾಗ ಒಂದೇ ಸಲ 2 ಗ್ರಾಂ ಅಜಿತ್ರೊಮೈಸಿನ್ ಕೊಟ್ಟರು. ತಾಯಂದಿರಲ್ಲಿ ನಂಜು ಇಲ್ಲವೇ ಸಾವು ಶೇ. 2.4ರಿಂದ 1.6ಕ್ಕೆ ಇಳಿಯಿತು. ಕೂಸುಗಳಿಗೆ ಮಾತ್ರ ಅಂಥ ಲಾಭ ಕಾಣಲಿಲ್ಲ.

ನನಗೆ ಡಾಕ್ಟರ ಚೀಟಿಗಿಂತ ಜಾಸ್ತಿ ಹೆದರಿಕೆ ಗೋಡೆಯ ಗೂಡಿನಲ್ಲಿ ಉಳಿದ ಗುಳಿಗೆಗಳದ್ದು. ಗಂಡನ ಜ್ವರಕ್ಕೆ ತಂದು ಮಿಕ್ಕ ಡಾಕ್ಸಿಸೈಕ್ಲಿನ್ ಅಲ್ಲೇ ಇರುತ್ತದೆ. ಅದು ಟೆಟ್ರಾಸೈಕ್ಲಿನ್ ಗುಂಪಿನದೇ. ಉರಿಮೂತ್ರ ಅಂದ ಕೂಡಲೇ ಬಸುರಿಯ ಕೈಗೆ ಬರುವುದೂ ಎಷ್ಟೋ ಸಲ ಅದೇ.