‘ನೆವರ್’ ಮುಂದೆ ಬಂದಾಗ ಕ್ರಿಯಾಪದ ಏಕೆ ಜಾಗ ಬದಲಿಸುತ್ತದೆ?

ಓದುಗರ ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗಾಗಿ ಬರೆದ ಇಂಗ್ಲಿಷ್ ಪ್ರಬಂಧದಲ್ಲಿ ‘ನೆವರ್ ಐ ಹ್ಯಾವ್ ಸೀನ್ ಸಚ್ ಎ ಫ್ಲಡ್’ ಎಂದು ಬರೆದಿದ್ದೆ. ತಿದ್ದಿದವರು ಅದನ್ನು ‘ನೆವರ್ ಹ್ಯಾವ್ ಐ ಸೀನ್’ ಎಂದು ಬದಲಿಸಿದ್ದಾರೆ. ಇದು ಪ್ರಶ್ನಾರ್ಥಕ ವಾಕ್ಯವೇ ಅಲ್ಲದಿರುವಾಗ ‘ಹ್ಯಾವ್ ಐ’ ಎಂಬ ಕ್ರಮ ಏಕೆ ಬಂತು? ಒತ್ತು ಬೇಕೆನಿಸಿದಾಗಲೆಲ್ಲ ಹೀಗೆ ತಿರುಗಿಸಿ ಬರೆಯಬಹುದೇ?

ಉತ್ತರ: ತಿದ್ದುಪಡಿ ಸರಿಯಾಗಿಯೇ ಇದೆ. ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದೇ ಹೇಳಬೇಕಾಗುತ್ತದೆ. ಕರ್ತೃವನ್ನೂ ಕ್ರಿಯಾಪದವನ್ನೂ ಅದಲುಬದಲು ಮಾಡುವುದರಿಂದಲೇ ಒತ್ತು ಹುಟ್ಟುತ್ತದೆ ಎಂದು ಬಹಳ ಮಂದಿ ಭಾವಿಸಿರುತ್ತಾರೆ. ವಾಸ್ತವದಲ್ಲಿ ಒತ್ತನ್ನು ತರುವುದು ವಾಕ್ಯದ ನಡುವೆ ಇರಬೇಕಾಗಿದ್ದ ‘ನೆವರ್’ ಎಂಬ ನಿಷೇಧ ಪದವನ್ನು ಎತ್ತಿ ಮೊದಲಿಗೆ ಇಟ್ಟಿರುವುದು. ಹಾಗೆ ಇಟ್ಟ ಮೇಲೆ ಸಹಾಯಕ ಕ್ರಿಯಾಪದವು (ಇಲ್ಲಿ ‘ಹ್ಯಾವ್’) ಕರ್ತೃವಿನ ಮುಂದಕ್ಕೆ ಬರಲೇಬೇಕೆಂಬುದು ಇಂಗ್ಲಿಷಿನ ಕಟ್ಟುಪಾಡು.

ಕನ್ನಡದಲ್ಲಿ ನಮಗೆ ಇಂಥ ಕಟ್ಟುಪಾಡಿನ ಅನುಭವವಿಲ್ಲ. ಯಾರು ಯಾರನ್ನು ನೋಡಿದರು ಎಂಬುದನ್ನು ವಿಭಕ್ತಿ ಪ್ರತ್ಯಯ ಹೇಳುವುದರಿಂದ ಪದಗಳನ್ನು ಹಿಂದೆ ಮುಂದೆ ಮಾಡಿದರೂ ಅರ್ಥ ಕೆಡುವುದಿಲ್ಲ, ಮತ್ತು ಒತ್ತು ಬೇಕಾದ ಕಡೆ ‘ನಾನು ನೋಡಿಯೇ ಇಲ್ಲ’ ಎಂದು ಒಂದು ‘ಏ’ ಸೇರಿಸಿದರೆ ಕೆಲಸ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಕರ್ತೃ ಯಾವುದು ಎಂಬುದನ್ನು ತಿಳಿಸುವುದೇ ಪದದ ಸ್ಥಾನವಾದ್ದರಿಂದ ಅಲ್ಲಿ ಪ್ರತಿಯೊಂದು ಸ್ಥಳಾಂತರಕ್ಕೂ ನಿಯಮವಿದೆ. ಹಳೆಯ ಇಂಗ್ಲಿಷಿನಲ್ಲಿ, ಇಂದಿನ ಜರ್ಮನ್ ಮತ್ತು ಡಚ್ ಭಾಷೆಗಳಲ್ಲಿರುವಂತೆ, ಯಾವುದೇ ಪದ ಮೊದಲಿಗೆ ಬಂದರೂ ಅದರ ಬೆನ್ನಿಗೇ ಕ್ರಿಯಾಪದ ಬರುವ ರೂಢಿ ಬಲವಾಗಿತ್ತು. ಕಾಲಕ್ರಮದಲ್ಲಿ ಆ ರೂಢಿ ಬಹುಮಟ್ಟಿಗೆ ಅಳಿಯಿತಾದರೂ ನಿಷೇಧ ಪದಗಳು ಮುಂದೆ ಬಂದಾಗಲೂ ಇನ್ನು ಕೆಲವೇ ಕಡೆಗಳಲ್ಲೂ ಉಳಿದುಕೊಂಡಿತು. ಆದ್ದರಿಂದಲೇ ‘ಯೆಸ್ಟರ್‌ಡೇ ಐ ಸಾ ದ ಫ್ಲಡ್’ ಎಂಬಲ್ಲಿ ಏನೂ ತಿರುಗುವುದಿಲ್ಲ.

ಪ್ರಸಿದ್ಧವಾದ ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. 1940ರ ಆಗಸ್ಟ್ 20ರಂದು ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಅವರು ಕಾಮನ್ಸ್ ಸಭೆಯಲ್ಲಿ ವಾಯುಪಡೆಯವರನ್ನು ಕುರಿತು ‘ನೆವರ್ ಇನ್ ದ ಫೀಲ್ಡ್ ಆಫ್ ಹ್ಯೂಮನ್ ಕಾನ್‌ಫ್ಲಿಕ್ಟ್ ವಾಸ್ ಸೋ ಮಚ್ ಓಡ್ ಬೈ ಸೋ ಮೆನಿ ಟು ಸೋ ಫ್ಯೂ’ ಎಂದರು. ಇಲ್ಲಿ ಕರ್ತೃ ‘ಸೋ ಮಚ್’. ‘ನೆವರ್’ ಮತ್ತು ‘ವಾಸ್’ ನಡುವೆ ಆರು ಪದಗಳಿದ್ದರೂ ‘ವಾಸ್’ ತನ್ನ ಕರ್ತೃವಿಗಿಂತ ಮೊದಲೇ ಬಂದು ನಿಂತಿದೆ. ನಿಷೇಧ ಪದ ದೂರದಲ್ಲಿದ್ದರೂ ನಿಯಮ ಸಡಿಲವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ‘ನೆವರ್’ ಅನ್ನು ನಡುವೆ ಇಟ್ಟು ಇದನ್ನೇ ಹೇಳಿ ನೋಡಿದರೆ ಕಳೆದುಹೋಗುವ ಬಲ ಎಷ್ಟೆಂಬುದು ಕಿವಿಗೇ ತಿಳಿಯುತ್ತದೆ.

‘ರೇರ್ಲಿ’, ‘ಸೆಲ್ಡಮ್’, ‘ಹಾರ್ಡ್ಲಿ’, ‘ನಾಟ್ ಓನ್ಲಿ’, ‘ಅಂಡರ್ ನೋ ಸರ್ಕಮ್‌ಸ್ಟೆನ್ಸಸ್’ ಮೊದಲಾದವುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಆದರೆ ಈ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ನಿಷೇಧವು ಇಡೀ ವಾಕ್ಯವನ್ನು ಆವರಿಸುತ್ತದೆಯೇ ಎಂದು ಕೇಳಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ಅಟ್ ನೋ ಟೈಮ್ ಡಿಡ್ ಹಿ ಕಂಪ್ಲೇನ್’ ಎಂದರೆ ಅವನು ದೂರಲೇ ಇಲ್ಲ. ಕ್ರಿಯೆಯೇ ನಡೆದಿಲ್ಲವಾದ್ದರಿಂದ ‘ಡಿಡ್’ ಮುಂದೆ ಬಂದಿದೆ. ‘ಇನ್ ನೋ ಟೈಮ್ ಹಿ ಕೇಮ್ ಬ್ಯಾಕ್’ ಎಂದರೆ ಅವನು ಬೇಗನೆ ಮರಳಿ ಬಂದ. ‘ನೋ’ ಎಂಬ ಪದವಿದ್ದರೂ ಕ್ರಿಯೆ ನಡೆದಿದೆ, ಹಾಗಾಗಿ ಕ್ರಮ ಬದಲಾಗುವುದಿಲ್ಲ. ಇನ್ನೂ ಸೂಕ್ಷ್ಮವಾದ ಜೋಡಿಯೊಂದಿದೆ. ‘ವಿತ್ ನೋ ಟೀಚರ್ ವುಡ್ ದ ಚಿಲ್ಡ್ರನ್ ಬಿ ಹ್ಯಾಪಿ’ ಎಂದರೆ ಯಾವ ಶಿಕ್ಷಕರನ್ನು ಕೊಟ್ಟರೂ ಮಕ್ಕಳಿಗೆ ಸಂತೋಷವಾಗುವುದಿಲ್ಲ ಎಂದಾಗುತ್ತದೆ. ‘ವಿತ್ ನೋ ಟೀಚರ್, ದ ಚಿಲ್ಡ್ರನ್ ವುಡ್ ಬಿ ಹ್ಯಾಪಿ’ ಎಂದರೆ ಶಿಕ್ಷಕರೇ ಇಲ್ಲದಿದ್ದರೆ ಮಕ್ಕಳಿಗೆ ಸಂತೋಷ ಎಂದಾಗುತ್ತದೆ. ‘ವುಡ್’ ಎಂಬ ಒಂದು ಪದ ಜಾಗ ಬದಲಿಸಿದ್ದಕ್ಕೆ ಅರ್ಥವೇ ತಲೆಕೆಳಗಾಯಿತು.

ಪರೀಕ್ಷೆಗಳಲ್ಲಿ ಅಂಕ ಕಳೆದುಕೊಳ್ಳುವ ಕಡೆಗಳನ್ನೂ ಹೇಳುತ್ತೇನೆ. ವಾಕ್ಯದಲ್ಲಿ ಸಹಾಯಕ ಕ್ರಿಯಾಪದ ಇಲ್ಲದಿದ್ದರೆ ‘ಡು’, ‘ಡಸ್’, ‘ಡಿಡ್’ಗಳಲ್ಲಿ ಒಂದನ್ನು ತರಬೇಕು, ಮತ್ತು ಅದು ಬಂದ ಮೇಲೆ ಮುಖ್ಯ ಕ್ರಿಯಾಪದ ಮೂಲರೂಪಕ್ಕೆ ಮರಳಬೇಕು: ‘ರೇರ್ಲಿ ಡಸ್ ಶಿ ಸ್ಪೀಕ್’ ಸರಿ, ‘ಡಸ್ ಶಿ ಸ್ಪೀಕ್ಸ್’ ತಪ್ಪು. ‘ನೋ ಸೂನರ್ ಹ್ಯಾಡ್ ದ ಬಸ್ ಸ್ಟಾಪ್ಡ್’ ಎಂದು ಆರಂಭಿಸಿದರೆ ಮುಂದೆ ‘ದ್ಯಾನ್’ ಬರಬೇಕು. ‘ಹಾರ್ಡ್ಲಿ’ ಎಂದು ಆರಂಭಿಸಿದರೆ ‘ವೆನ್’. ‘ನಾಟ್ ಅಂಟಿಲ್’ ಇರುವ ವಾಕ್ಯದಲ್ಲಿ ಉಪವಾಕ್ಯ ಹಾಗೆಯೇ ಇದ್ದು ಮುಖ್ಯ ವಾಕ್ಯ ಮಾತ್ರ ತಿರುಗುತ್ತದೆ: ‘ನಾಟ್ ಅಂಟಿಲ್ ಇಟ್ ರೇನ್ಡ್ ಡಿಡ್ ದೇ ಸೋ’ (ಮಳೆ ಬಂದ ಮೇಲೆಯೇ ಅವರು ಬಿತ್ತಿದರು). ‘ಓನ್ಲಿ ಆಫ್ಟರ್’ಗೂ ಹೀಗೆಯೇ. ಆದರೆ ‘ಓನ್ಲಿ’ ಎಂಬುದು ಕರ್ತೃವಿಗೇ ಅಂಟಿಕೊಂಡಿದ್ದರೆ, ‘ಓನ್ಲಿ ಮೈ ಸಿಸ್ಟರ್ ನೋಸ್’ ಎಂಬಲ್ಲಿರುವಂತೆ, ಏನನ್ನೂ ಬದಲಿಸಬೇಕಾಗಿಲ್ಲ.

‘ಆನ್ ದ ಹಿಲ್ ಸ್ಟುಡ್ ಎ ಟೆಂಪಲ್’ ಎಂಬಂಥ ವಾಕ್ಯಗಳನ್ನು ಮೇಲಿನವುಗಳೊಡನೆ ಬೆರೆಸಬಾರದು. ಅಲ್ಲಿ ನಿಷೇಧವಿಲ್ಲ, ‘ಡಿಡ್’ ಬರುವುದಿಲ್ಲ, ಮುಖ್ಯ ಕ್ರಿಯಾಪದವೇ ಕರ್ತೃವಿನ ಮುಂದೆ ಬರುತ್ತದೆ. ಓದುಗನ ಕಣ್ಣನ್ನು ಮೊದಲು ಬೆಟ್ಟದತ್ತ ಒಯ್ದು ಆಮೇಲೆ ದೇವಸ್ಥಾನವನ್ನು ತೋರಿಸುವುದು ಅದರ ಉದ್ದೇಶ. ಈ ಬಗೆಯಲ್ಲಿ ಕರ್ತೃ ಸರ್ವನಾಮವಾಗಿದ್ದರೆ ಸ್ಥಾನ ಬದಲಾಗುವುದಿಲ್ಲ: ‘ಹಿಯರ್ ಕಮ್ಸ್ ದ ಬಸ್’ ಎನ್ನುತ್ತೇವೆ, ಆದರೆ ‘ಹಿಯರ್ ಇಟ್ ಕಮ್ಸ್’.

ಇವೆಲ್ಲ ಹೆಚ್ಚಾಗಿ ಬರವಣಿಗೆಗೂ ಭಾಷಣಕ್ಕೂ ಸೇರಿದವು, ಆದ್ದರಿಂದ ಒಂದು ಪ್ರಬಂಧದಲ್ಲಿ ಒಂದೆರಡು ಕಡೆ ಬಳಸಿದರೆ ಸಾಕು. ಕಚೇರಿಯ ಪತ್ರಗಳಲ್ಲಿ ಕಾಣುವ ‘ಶುಡ್ ಯು ನೀಡ್ ಎನಿ ಹೆಲ್ಪ್’ ಎಂಬುದು ಒತ್ತಿಗಾಗಿ ಬಂದದ್ದಲ್ಲ. ‘ಇಫ್’ ಬಿಟ್ಟಾಗ ಅದರ ಬದಲಿಗೆ ಸಹಾಯಕ ಕ್ರಿಯಾಪದ ಮುಂದೆ ಬಂದಿದೆ, ಧಾಟಿ ಹೆಚ್ಚು ಔಪಚಾರಿಕವಾಗಿದೆ. ‘ಹ್ಯಾಡ್ ಐ ನೋನ್’ ಕೂಡ ಇದೇ ಜಾತಿಯದು. ಅದನ್ನು ನಿಷೇಧರೂಪದಲ್ಲಿ ಬರೆಯುವಾಗ ‘ನಾಟ್’ ಎಂಬುದನ್ನು ಕರ್ತೃವಿನ ನಂತರ ಬಿಡಿಯಾಗಿ ಇಟ್ಟು ‘ಹ್ಯಾಡ್ ಐ ನಾಟ್ ನೋನ್’ ಎನ್ನಬೇಕು. ‘ಹ್ಯಾಡಂಟ್ ಐ ನೋನ್’ ಎಂದು ಕೂಡಿಸಿ ಬರೆಯುವಂತಿಲ್ಲ.