ಗ್ರಹಣ ಸಿಕ್ಕರೆ ತಾರೀಖು ಸಿಕ್ಕಿತು

ಶಿವಮೊಗ್ಗ ಸೀಮೆಯ ಗೌಜ ಅಗ್ರಹಾರದ ತಾಮ್ರಪಟದ ಪ್ರಕಾರ ದಾನ ಕೊಟ್ಟವನು ಪರೀಕ್ಷಿತನ ಮಗ ಜನಮೇಜಯ. ಇಂಥದ್ದನ್ನು ಕಂಡೊಡನೆ ಐದು ಸಾವಿರ ವರ್ಷದ ಶಾಸನ ಎಂದು ಹಿಗ್ಗುವವರಿಗೆ ಕೊರತೆಯಿಲ್ಲ. ಆದರೆ ಅದೇ ಪಟದಲ್ಲಿ ಒಂದು ಸೂರ್ಯಗ್ರಹಣದ ಮಾತೂ ಇದೆ. ಬ್ರಿಟನ್ನಿನ ರಾಜಖಗೋಳಜ್ಞ ಜಾರ್ಜ್ ಏರಿ ಲೆಕ್ಕ ಹಾಕಿ ತೆಗೆದ ದಿನ 1521ರ ಏಪ್ರಿಲ್ 7. ಅಂದರೆ ಕೃಷ್ಣದೇವರಾಯನ ಕಾಲ!

ಹಳೇ ಕಲ್ಲು ಓದಲು ಸರ್ಕಾರದ ದುಡ್ಡೇಕೆ, ಅದನ್ನೂ ವಿಜ್ಞಾನಕ್ಕೇ ಕೊಡಿ ಎನ್ನುವವರು ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲ ಕೆಲಸ ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರವನ್ನು ಕಾಗದಕ್ಕೆ ಇಳಿಸಿಕೊಳ್ಳುವುದು. ಕಲ್ಲಿನ ಪಾಚಿ, ಸುಣ್ಣ, ಎಣ್ಣೆಜಿಡ್ಡನ್ನು ನೀರು ಹಾಕಿ ಬ್ರಷ್ಷಿನಿಂದ ಉಜ್ಜಬೇಕು. ನೆನೆಸಿದ ಕಾಗದವನ್ನು ಹರಡಿ, ನಡುವಿನಿಂದ ಅಂಚಿನ ಕಡೆಗೆ ಗಟ್ಟಿ ಕೂದಲಿನ ಬ್ರಷ್ಷಿನಿಂದ ಬಡಿಯುತ್ತಾ ಹೋದರೆ ಗಾಳಿಗುಳ್ಳೆ ಹೊರಬಿದ್ದು ಕಾಗದ ಅಕ್ಷರದ ಹಳ್ಳಕ್ಕೆ ಇಳಿಯುತ್ತದೆ. ಅರೆ ಒಣಗಿದಾಗ ಬಟ್ಟೆಯುಂಡೆಗೆ ಮಸಿ ತಾಗಿಸಿ ಮೆಲ್ಲಗೆ ಒತ್ತಬೇಕು. ಮೇಲ್ಮೈ ಕಪ್ಪಾಗುತ್ತದೆ, ಹಳ್ಳದಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕಾಗದ ತೀರಾ ಹಸಿಯಿದ್ದರೆ ಮಸಿ ಹರಡಿ ಅಕ್ಷರವನ್ನೇ ನುಂಗುತ್ತದೆ. ತೀರಾ ಒಣಗಿದ್ದರೆ ಕಲ್ಲಿನಿಂದ ಎದ್ದು, ಒತ್ತುವಾಗ ಜರುಗಿ ಗೆರೆ ಎರಡಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ದೇವಸ್ಥಾನದ ಶಾಸನಕ್ಕೆ ಭಕ್ತಿಯಿಂದ ಬಳಿದ ಆಯಿಲ್ ಪೇಂಟ್. ಬಣ್ಣ ಹಳ್ಳದಲ್ಲೇ ಕೂತುಬಿಟ್ಟರೆ ಕಾಗದಕ್ಕೆ ಇಳಿಯಲು ಜಾಗವೇ ಇರುವುದಿಲ್ಲ. ಮೈಸೂರು ಸಂಸ್ಥಾನದ ಖರ್ಚಿನಲ್ಲಿ ಬಿ. ಎಲ್. ರೈಸ್ ಇಂಥ ಸಾವಿರಾರು ಶಾಸನಗಳನ್ನು ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು.

ಓದಿದ ಮೇಲೆ ಲೆಕ್ಕ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. ಸಿಗುತ್ತದೆ ಎಂದು ಶಾಲೆಯಲ್ಲಿ ಕಲಿತದ್ದು ಮುಕ್ಕಾಲು ಪಾಲು ಮಾತ್ರ ಸರಿ. ಪುಷ್ಯ, ಮಾಘ, ಫಾಲ್ಗುಣದಲ್ಲಿ ಜನವರಿ 1ರಿಂದೀಚೆಗೆ ಬೀಳುವ ದಿನಗಳಿಗೆ 79 ಕೂಡಿಸಬೇಕು. ಬರೆದವನು ಪೂರ್ತಿ ಮುಗಿದ ವರ್ಷಗಳ ಬದಲು ನಡೆಯುತ್ತಿರುವ ವರ್ಷವನ್ನೂ ಎಣಿಸಿದ್ದರೆ ಒಂದು ವರ್ಷ ಹಿಂದೆ ಸರಿಯಬೇಕು. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ. ವಾರವಂತೂ ಏಳರಲ್ಲೊಂದು ಸಲ ಸುಮ್ಮನೆ ಕೂಡಿಬರುತ್ತದೆ. ಗ್ರಹಣ ಹಾಗಲ್ಲ. ಇಡೀ ಭೂಮಿಗೆ ವರ್ಷಕ್ಕೆ ಎರಡರಿಂದ ಐದು ಸೂರ್ಯಗ್ರಹಣ, ಒಂದೂರಿಗೆ ಕಾಣುವುದು ಇನ್ನೂ ಕಡಿಮೆ. ಗ್ರಹಣಕಾಲದ ದಾನಕ್ಕೆ ಪುಣ್ಯ ಹೆಚ್ಚೆಂಬ ನಂಬಿಕೆಯಿಂದಲೇ ನಮ್ಮ ಶಾಸನಗಳಲ್ಲಿ ಗ್ರಹಣಗಳು ತುಂಬಿವೆ. ಆ ನಂಬಿಕೆ ನನಗೆ ಒಪ್ಪಿಗೆಯಿಲ್ಲ, ಆದರೆ ಅದು ಉಳಿಸಿಹೋದ ದಾಖಲೆ ಬಂಗಾರ. ತಾಳೆ ನೋಡಲು ಬೇಕಾದ ಪಂಚಾಂಗವನ್ನು ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆ ಸಿದ್ಧಪಡಿಸಿದರು. ಕ್ರಿ.ಶ. 700ರಿಂದ 1799ರವರೆಗಿನ ಆ ಕೋಷ್ಟಕಗಳನ್ನು 1922ರಲ್ಲಿ ಅಚ್ಚು ಹಾಕಿದ್ದು ಮದರಾಸಿನ ಸರ್ಕಾರಿ ಮುದ್ರಣಾಲಯ.

ಇಷ್ಟಾದರೂ ಒಂದು ತೊಡಕಿದೆ: ಭೂಮಿಯೇ ಸಮನಾಗಿ ತಿರುಗುತ್ತಿಲ್ಲ. ಕುಂಬಾರನ ತಿಗರಿಗೆ ಒದ್ದೆ ಕೈ ತಾಗಿದಂತೆ, ಚಂದ್ರ ಎಬ್ಬಿಸುವ ಉಬ್ಬರವಿಳಿತ ಅದನ್ನು ನಿಧಾನಿಸುತ್ತಿದೆ. ಶತಮಾನಕ್ಕೆ ದಿನ ಉದ್ದವಾಗುವುದು ಸೆಕೆಂಡಿನ ಸಾವಿರದ ಎರಡು ಪಾಲಿಗಿಂತ ತುಸು ಕಡಿಮೆ. ಆದರೆ ಇದು ಚಕ್ರಬಡ್ಡಿಯ ಹಾಗೆ: ದಿನದಿನದ ಚಿಲ್ಲರೆ ಸೇರುತ್ತಾ ಸೇರುತ್ತಾ, ಕ್ರಿ.ಶ. 1000ದ ಹೊತ್ತಿನ ಗ್ರಹಣಕ್ಕೆ ಸುಮಾರು 26 ನಿಮಿಷದ ವ್ಯತ್ಯಾಸ ಕೂಡುತ್ತದೆ. ಅಷ್ಟರಲ್ಲಿ ಭೂಮಿ ಆರೂವರೆ ಡಿಗ್ರಿ ತಿರುಗಿರುತ್ತದೆ. ಇದನ್ನು ಮರೆತರೆ ಧಾರವಾಡದ ಮೇಲೆ ಬೀಳಬೇಕಾದ ನೆರಳು ಲೆಕ್ಕದಲ್ಲಿ 700 ಕಿ.ಮೀ. ಪಶ್ಚಿಮಕ್ಕೆ, ಅರಬ್ಬಿ ಸಮುದ್ರದಲ್ಲಿ ಬಿದ್ದಿರುತ್ತದೆ.

ಈ ತಿದ್ದುಪಡಿ ಬಂದದ್ದು ಮತ್ತೆ ಲಿಪಿಜ್ಞರಿಂದಲೇ. ನಮ್ಮ ಶಾಸನಗಳು ಸಾಮಾನ್ಯವಾಗಿ ದಿನ ಹೇಳುತ್ತವೆ, ಗಳಿಗೆ ಹೇಳುವುದಿಲ್ಲ. ಈಗಿನ ಇರಾಕಿನಲ್ಲಿದ್ದ ಪ್ರಾಚೀನ ಬ್ಯಾಬಿಲೋನಿನ ಲಿಪಿಕಾರರು ಹೊತ್ತನ್ನೂ ಬರೆದಿಟ್ಟರು. ಕ್ರಿ.ಪೂ. 136ರ ಏಪ್ರಿಲ್ 15ರಂದು ಅಲ್ಲಿ ಹಗಲೇ ಕತ್ತಲಾಯಿತು ಎಂದು ಅವರ ಜೇಡಿಮಣ್ಣಿನ ಹಲಗೆಗಳು ಹೇಳುತ್ತವೆ. ಭೂಮಿ ಸಮನಾಗಿ ತಿರುಗಿದ್ದರೆ ಆ ಕತ್ತಲು ಬ್ಯಾಬಿಲೋನಿನ ಹತ್ತಿರವೂ ಸುಳಿಯುತ್ತಿರಲಿಲ್ಲ; 48 ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕೆ, ಸ್ಪೇನಿನ ಮಯೋರ್ಕಾ ದ್ವೀಪದ ಆಸುಪಾಸಿನಲ್ಲಿ ಹಾದುಹೋಗುತ್ತಿತ್ತು. ಆ ಅಂತರವೇ ಭೂಮಿ ಎಷ್ಟು ನಿಧಾನವಾಗಿದೆ ಎಂಬುದರ ಅಳತೆ.